ಸುಲ್ತಾನನ ಕೋಣೆಯ ನಲ್ಲಿ

ಈಗ ಮ್ಯೂಸಿಯಂ ಆಗಿರುವ ಇಸ್ತಾಂಬುಲಿನ ಅರಮನೆಯ ಜನಾನಾದಲ್ಲಿ ನಾನು ಇಪ್ಪತ್ತೆರಡು ವರ್ಷ ಕಾವಲಿದ್ದೆ. ಸುಲ್ತಾನನ ಕೋಣೆಯಲ್ಲೊಂದು ನಲ್ಲಿ ಇದೆ. ಗುಟ್ಟಿನ ಮಾತು ಹೊರಗೆ ಕೇಳಿಸದಿರಲೆಂದು ಸುಲ್ತಾನರ ಕಾಲದಲ್ಲಿ ಅದನ್ನು ತಿರುಗಿಸಿ ನೀರು ಬಿಡುತ್ತಿದ್ದರು. ಗೋಡೆ ರಿಪೇರಿಯಾದಾಗ ಅದರ ಕೊಳವೆ ಕಿತ್ತುಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಪ್ರವಾಸಿಗರಿಲ್ಲದ ಒಂದು ಮಂಗಳವಾರ ಮಧ್ಯಾಹ್ನ, ಮೇಲಧಿಕಾರಿ ರಫೆತ್ ಬೇ ಮತ್ತು ನಾನೇ ಕೆಲಸ ಕಲಿಸಿದ ಶುಕ್ರಿಯೆ ಆ ಕೋಣೆಯಲ್ಲಿ ಪಿಸುಗುಟ್ಟುತ್ತಿದ್ದರು. ನನ್ನ ಹೆಸರು ಕೇಳಿಸಿತು. ಬಾಗಿಲಿಗೆ ಕಿವಿಗೊಟ್ಟೆ. ಅಷ್ಟರಲ್ಲಿ ನೀರು ಧೋ ಎಂದು ಸುರಿಯತೊಡಗಿ ಒಂದು ಮಾತೂ ತಿಳಿಯದಂತಾಯಿತು. ಕಾಲಡಿಯ ಕಲ್ಲು ಹಿಮದಂತೆ ಕೊರೆಯಿತು.

ಶುಕ್ರಿಯೆ ಹೊರಬಂದಳು.

"ಏನೇ ಅದು, ನನ್ ವಿಷ್ಯ?"

"ಏನಿಲ್ಲ ಸೆವಿಮ್ ಅಕ್ಕಾ. ಬಾ, ಟೀ ಕುಡಿಯೋಣ."

"ಒಳಗೆ ನೀರು ಯಾರು ಬಿಟ್ಟಿದ್ದು?"

"ಯಾವ ನೀರು? ವಯಸ್ಸಾಯ್ತು ಬಿಡಕ್ಕಾ ನಿಂಗೆ!" ಎಂದು ನಕ್ಕಳು.

ಗುರುವಾರ ನನ್ನ ಕೆಲಸ ಹೋಯಿತು. ಇಲ್ಲದ ಸದ್ದು ಇವರಿಗೆ ಕೇಳಿಸುತ್ತದೆ ಎಂದು ಕಾಗದದಲ್ಲಿ ಕಾರಣ ಬರೆದಿದ್ದರು. ನೀರಿನ ಸದ್ದಿನ ಮಾತು ನಾನು ಆಡಿದ್ದು ಶುಕ್ರಿಯೆಯೊಬ್ಬಳ ಹತ್ತಿರ. ಈಗ ನನ್ನ ಕುರ್ಚಿಯಲ್ಲಿ ಅವಳೇ ಕೂತಿದ್ದಾಳೆ.

ಕೂರಲಿ. ಆದರೆ ಅವತ್ತು ಅವಳು ನನ್ನೆದುರು ನಗುತ್ತಾ ನಿಂತಿದ್ದಾಗ, ಅವಳ ಬಲತೋಳು ಮೊಣಕೈವರೆಗೆ ನೆನೆದು ತೊಟ್ಟಿಕ್ಕುತ್ತಿತ್ತು.