ಎರಡನೇ ಕೋಣೆಯ ಎರಡು ಬಾಟಲಿ

ಹೆರಿಗೆ ವಾರ್ಡಿನ ಎರಡನೇ ಕೋಣೆಯಲ್ಲಿ ಮಗು ಹುಟ್ಟಿ ಇಪ್ಪತ್ತು ನಿಮಿಷವಾಗಿತ್ತು. ಹುಟ್ಟಿದಾಗ ಅಳಲಿಲ್ಲ. ಡಾಕ್ಟರಮ್ಮ ಮತ್ತೆ ಮತ್ತೆ ಉಸಿರು ಕೊಟ್ಟ ಮೇಲೆ ಒಮ್ಮೆ ಬೆಕ್ಕಿನ ಮರಿಯಂತೆ ಕುಂಯ್ ಎಂದಿತ್ತು, ಅಷ್ಟೇ. ಈಗ ಅದು ಪಕ್ಕದ ಕೋಣೆಯಲ್ಲಿ ದೀಪದ ಬಿಸಿಯಡಿ, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಮಲಗಿತ್ತು. ಇತ್ತ ದಾದಿಯರ ಮೇಜಿನ ಮುಂದೆ ಗುಬ್ಬಿ ಒಂದು ಖಾಲಿ ಹಾಳೆ ಹಿಡಿದು ನಿಂತಿದ್ದಳು.

ಗುಬ್ಬಿ ಎನ್ನುವುದು ವಾರ್ಡು ಇಟ್ಟ ಹೆಸರು. ದಾದಿಯಾಗಿ ಸೇರಿ ಎರಡೂವರೆ ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ನೋವು ಬರಿಸೋ ಔಷಧಿ ನಿಮಿಷಕ್ಕೆ ಹನ್ನೆರಡು ಹನಿ ಬಿಡು ಅಂದಿದ್ದೆ. ಅದು ಧಾರಾಕಾರ ಓಡ್ತಿತ್ತು," ಎಂದಿದ್ದರು ಡಾಕ್ಟರಮ್ಮ. "ಹೇಗಾಯ್ತು ಅಂತ ಮಧ್ಯಾಹ್ನದೊಳಗೆ ಬರೆದುಕೊಡು. ನಾಳೆಯಿಂದ ಬರೋದು ಬೇಡ."

ಗುಬ್ಬಿ ಗಡಿಯಾರ ಹಿಡಿದು ಹನ್ನೆರಡು ಹನಿ ಎಣಿಸಿದ್ದು ನಿಜ. ಆದರೆ ಅತ್ತ ಮಗು ಉಸಿರಿಗೆ ಒದ್ದಾಡುತ್ತಿರುವಾಗ ಆ ನಿಜದ ಮೇಲೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ಕೈಯಿಂದ ಪೆನ್ನು ಜಾರಿ ಕೆಳಗೆ ಬಿತ್ತು.

ಅದನ್ನು ಎತ್ತಿಕೊಟ್ಟವರು ಹಿರಿಯ ದಾದಿ ದೊಡ್ಡಕ್ಕ. ಮೂವತ್ತು ವರ್ಷದಿಂದ ಅದೇ ವಾರ್ಡಿನಲ್ಲಿದ್ದವರು. ಕಳೆದುಹೋದ ಉಂಗುರವಿರಲಿ, ಕಾಣೆಯಾದ ಕತ್ತರಿಯಿರಲಿ, ವಾರ್ಡಿನ ಗುಟ್ಟುಗಳೆಲ್ಲ ಕೊನೆಗೆ ಅವರ ಮುಂದೆಯೇ ಬಾಯಿ ಬಿಡುತ್ತಿದ್ದವು.

"ಅಳೋದು ಆಮೇಲೆ. ಮೊದಲು ನಡೆದಿದ್ದು ಹೇಳು," ಎಂದರು.

"ಒಂಬತ್ತು ಗಂಟೆಗೆ ಹನಿ ಎಣಿಸಿ, ಔಷಧಿ, ಸಲೈನು ಎರಡೂ ಬಾಟ್ಲಿಲಿ ಎಲ್ಲಿವರೆಗಿದೆ ಅಂತ ಗೆರೆ ಹಾಕಿದೆ ಅಕ್ಕ. ಅಷ್ಟರಲ್ಲಿ ಮೂರನೇ ಕೋಣೆಯಲ್ಲಿ ಹೆರಿಗೆ ಬಂತು, ಓಡಿದೆ. ವಾಪಸ್ ಬಂದಾಗ ಒಂಬತ್ತೂ ನಲವತ್ತು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು, ಸಡಿಲ ಆಗ್ತಾನೇ ಇರ್ಲಿಲ್ಲ. ಮಗುವಿನ ಎದೆಬಡಿತ ಎಂಬತ್ತಕ್ಕೆ ಇಳಿದಿತ್ತು. ಗೋಡೆ ಕಡೆ ಬಗ್ಗಿ ಬಾಟ್ಲಿ ಮೇಲಿನ ಕೆಂಪು ಚೀಟಿ ಓದಿ, ಔಷಧಿ ಬಾಟ್ಲಿ ಮುಚ್ಚಿ, ಡಾಕ್ಟರಮ್ಮನ್ನ ಕೂಗಿದೆ."

ದೊಡ್ಡಕ್ಕ ತಟ್ಟನೆ ತಲೆಯೆತ್ತಿದರು. "ಗೋಡೆ ಕಡೆ ಬಗ್ಗಿ ಓದಿದ್ಯಾ?"

"ಹೂಂ ಅಕ್ಕ."

ಅವರು ನೇರ ಎರಡನೇ ಕೋಣೆಗೆ ನಡೆದರು, ಹಿಂದೆಯೇ ಗುಬ್ಬಿ. ಬಾಣಂತಿಯನ್ನು ಒಳವಾರ್ಡಿಗೆ ಸಾಗಿಸಿದ್ದರು. ಬಾಟಲಿಗಳೆರಡೂ ಸ್ಟ್ಯಾಂಡಿನಲ್ಲಿ ತೂಗುತ್ತಲೇ ಇದ್ದವು. ಬಾಗಿಲಲ್ಲಿ ಆಯಾ ಸೊಂಟಕ್ಕೆ ಕೈಕೊಟ್ಟು ಗೊಣಗುತ್ತಿದ್ದಳು. "ಒಂಬತ್ತಕ್ಕೆ ನೆಲಾನ ಕನ್ನಡಿ ಹಾಗೆ ಒರೆಸಿ ಹೋಗಿದ್ದೆ. ಒಣಗೋಕೆ ಮೊದಲೇ ಯಾರೋ ಸ್ಟ್ಯಾಂಡ್ ಗರಗರ ತಿರುಗಿಸಿದಾರೆ. ನೋಡಿ, ಚಕ್ರದ ಗುರುತು ಅರ್ಧ ಸುತ್ತು ಬಂದಿದೆ. ನನ್ನ ಕೆಲಸಕ್ಕೆ ಬೆಲೆನೇ ಇಲ್ಲ."

"ನಿನ್ನ ಕೆಲಸಕ್ಕೆ ಇವತ್ತಿರೋ ಬೆಲೆ ಇನ್ಯಾವತ್ತೂ ಇರ್ಲಿಲ್ಲ. ಇದನ್ನ ಈಗಲೇ ಒರೆಸಬೇಡ," ಎಂದು ದೊಡ್ಡಕ್ಕ ಬಾಟಲಿಗಳತ್ತ ತಿರುಗಿದರು. ಔಷಧಿಯದು ಒಂಬತ್ತರ ಗೆರೆಯಿಂದ ಬಹಳ ಕೆಳಗೆ ಇಳಿದಿತ್ತು. ಬರೀ ಸಲೈನಿನದು ಒಂದು ಬೆರಳಷ್ಟೂ ಇಳಿದಿರಲಿಲ್ಲ. ಅದನ್ನು ಅವರು ತುಸು ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಎಲ್ಲರನ್ನೂ ಕರೆಸಿದರು.

ಬೆಳಿಗ್ಗೆಯಿಂದ ತಂಗಿಯ ಜೊತೆ ಈ ಕೋಣೆಯಲ್ಲೇ ಇದ್ದ ಬಾಣಂತಿಯ ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಡಾಕ್ಟರಮ್ಮ ಬಾಗಿಲಲ್ಲೇ ನಿಂತರು.

"ದೊಡ್ಡಕ್ಕ, ನನಗೆ ಮಗು ಹತ್ರ ಹೋಗ್ಬೇಕು."

"ಐದೇ ನಿಮಿಷ ಡಾಕ್ಟ್ರೇ. ಗುಬ್ಬಿ ಇಲ್ಲದಾಗ ನೀವು ಇಲ್ಲಿಗೆ ಬಂದಿದ್ರಾ?"

"ಒಂಬತ್ತೂಕಾಲಿಗೆ ಬಂದಿದ್ದೆ. ಪೇಷೆಂಟು ತಲೆ ಸುತ್ತುತ್ತೆ ಅಂದ್ಲು, ಬಿಪಿ ಇಳಿದಿತ್ತು. ಸಲೈನ್ ಪೂರ್ತಿ ಬಿಟ್ಟು ಆಪರೇಷನ್ನಿಗೆ ಹೋದೆ. ಔಷಧಿ ಬಾಟ್ಲಿ ನಾನು ಮುಟ್ಟೇ ಇಲ್ಲ."

ದೊಡ್ಡಕ್ಕ ಬಾಣಂತಿಯ ಅಕ್ಕನ ಕಡೆ ತಿರುಗಿದರು. "ಅದಕ್ಕೂ ಮೊದಲು ಸ್ಟ್ಯಾಂಡ್ ತಿರುಗಿಸಿದ್ದು ನೀವೇ ಅಲ್ವಾ ತಾಯಿ?"

ಅವಳ ಮುಖ ಬಿಳಿಚಿಕೊಂಡಿತು. "ತಂಗಿ ಮಗ್ಗುಲಾದಾಗ ಟ್ಯೂಬು ಎಳೀತಿತ್ತು. ಬೆನ್ನು ನೀವೋಕೂ ಜಾಗ ಸಾಲ್ತಿರ್ಲಿಲ್ಲ. ಸ್ವಲ್ಪ ತಿರುಗಿಸಿದೆ, ಅಷ್ಟೇ. ನನ್ನಿಂದಲೇ ಹೀಗಾಯ್ತಾ ಅಮ್ಮಾ?"

"ಇಲ್ಲ. ಅದನ್ನ ಮುಟ್ಟಬೇಡಿ ಅಂತ ನಿಮಗೆ ನಾವು ಯಾರೂ ಹೇಳಿರ್ಲಿಲ್ಲ." ದೊಡ್ಡಕ್ಕ ಸ್ಟ್ಯಾಂಡಿನ ಪಕ್ಕ ನಿಂತರು. "ಈ ವಾರ್ಡಲ್ಲಿ ಔಷಧಿ ಯಾವಾಗಲೂ ಬಾಗಿಲ ಕಡೆ ಕೊಕ್ಕೆಗೆ, ಬರೀ ಸಲೈನು ಕಿಟಕಿ ಕಡೆಗೆ. ಈ ರೂಢಿ ಮಾಡಿದ್ದು ನಾನೇ. ಕೆಂಪು ಚೀಟಿ ನಮ್ಮ ಕಡೆಗೇ ಕಾಣಬೇಕು. ಆದ್ರೆ ಗುಬ್ಬಿ ಅದನ್ನ ಓದೋಕೆ ಗೋಡೆ ಕಡೆ ಬಗ್ಗಬೇಕಾಯ್ತು. ಯಾಕೆ? ಸ್ಟ್ಯಾಂಡ್ ಅರ್ಧ ಸುತ್ತು ತಿರುಗಿತ್ತು. ಆಯಾ ಒರೆಸಿದ ನೆಲವೇ ಸಾಕ್ಷಿ. ಚೀಟಿ ಗೋಡೆ ಕಡೆ ಹೋಯ್ತು, ಔಷಧಿ ಕಿಟಕಿ ಕಡೆ ಬಂತು."

ಮಾತು ಎಲ್ಲಿಗೆ ಹೊರಟಿದೆ ಎಂದು ಹೊಳೆದೊಡನೆ ಗುಬ್ಬಿ ಡಾಕ್ಟರಮ್ಮನತ್ತ ನೋಡಿದಳು.

"ಇನ್ನೊಂದೇ ಮಾತು," ದೊಡ್ಡಕ್ಕನ ದನಿ ತಗ್ಗಿತು. "ಒಂಬತ್ತೂಕಾಲಿಂದ ಪೂರ್ತಿ ಬಿಟ್ಟಿದ್ದ ಸಲೈನು, ಒಂಬತ್ತೂ ನಲವತ್ತಕ್ಕೆ ಎಷ್ಟು ಇಳಿದಿರ್ಬೇಕು ಡಾಕ್ಟ್ರೇ? ನೀವೇ ನೋಡಿ."

ಡಾಕ್ಟರಮ್ಮ ಹತ್ತಿರ ಬಂದರು. ಸಲೈನ್ ಬಾಟಲಿಯ ಗೆರೆಯ ಮೇಲೆ ಬೆರಳಿಟ್ಟು ನೋಡಿದರು. ನಂತರ ಅವರ ಕೈ ತಾನಾಗಿಯೇ ಕಿಟಕಿ ಕಡೆಯ ಕೊಕ್ಕೆಯತ್ತ ಹೋಯಿತು, ದಿನವೂ ಹೋಗುವ ಹಾಗೆಯೇ. ಅಲ್ಲಿ ತೂಗುತ್ತಿದ್ದುದು ಔಷಧಿಯ ಬಾಟಲಿ. ಕೈಯನ್ನು ಹಿಂದೆಗೆದುಕೊಂಡರು.

"ನಾನು ಓದ್ಲಿಲ್ಲ," ಎಂದರು. ಗೋಡೆ ಕಡೆ ಬಗ್ಗಿ ಕೆಂಪು ಚೀಟಿ ನೋಡಿ, ಮತ್ತೆ ಅದನ್ನೇ ಹೇಳಿದರು. "ನಾನು ಓದ್ಲೇ ಇಲ್ಲ."

"ಕಿಟಕಿ ಕಡೆಯದು ಸಲೈನೇ ಅಂತ ರೂಢಿಯನ್ನ ನಂಬಿ ಬಿಟ್ರಿ. ತಪ್ಪಲ್ಲಿ ನನ್ನ ಪಾಲೂ ಇದೆ," ಎಂದರು ದೊಡ್ಡಕ್ಕ.

ಗುಬ್ಬಿಗೆ ಗೆದ್ದೆನೆನಿಸಲಿಲ್ಲ. ಪಕ್ಕದ ಕೋಣೆಯ ಮೌನ ಅವಳನ್ನು ಹಿಂಡುತ್ತಿತ್ತು. ಡಾಕ್ಟರಮ್ಮ ಅವಳ ಕೈಯಿಂದ ಖಾಲಿ ಹಾಳೆ ತೆಗೆದುಕೊಂಡು, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡರು.

"ಇದನ್ನ ನಾನು ಬರೀತೀನಿ. ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದು ಮಗುವಿನ ಕಡೆ ಧಾವಿಸಿದರು.

ಹನ್ನೊಂದರ ಹೊತ್ತಿಗೆ ಮಗು ನಳಿಕೆಯ ಹಂಗಿಲ್ಲದೆ ಉಸಿರಾಡತೊಡಗಿತು. ಹನ್ನೆರಡಕ್ಕೆ ಗುಬ್ಬಿ ಅದನ್ನು ಸುತ್ತಿಕೊಂಡು ಒಳವಾರ್ಡಿಗೆ ಒಯ್ದು ತಾಯಿಯ ಎದೆಗೆ ಹಚ್ಚಿದಳು. ಮೊದಲು ಮುಖ ತಿರುಗಿಸಿತು. ಆಮೇಲೆ ಬಾಯಿ ಹಾಕಿ ಚೀಪತೊಡಗಿದಾಗ ಗುಬ್ಬಿಗೆ ಅಳು ತಡೆಯಲಾಗಲಿಲ್ಲ.

ತಾಯಿ ಮಗುವಿನ ತಲೆ ಸವರುತ್ತಾ ಗುಬ್ಬಿಯನ್ನೇ ದಿಟ್ಟಿಸಿದಳು. "ಬೆಳಿಗ್ಗೆ ನಿಮ್ಮ ಮೇಲೆ ಕೂಗಾಡ್ತಿದ್ದಿದ್ದು ಕೇಳಿಸ್ತು. ನಿಜ ಹೇಳಿ ಸಿಸ್ಟರ್, ನನ್ನ ಮಗುವಿಗೆ ಹೀಗೆ ಮಾಡಿದ್ದು ಯಾರು?"

ಗುಬ್ಬಿ ಬಾಗಿಲತ್ತ ನೋಡಿದಳು. ಡಾಕ್ಟರಮ್ಮ ಆಗಲೇ ಒಳಗೆ ಬರುತ್ತಿದ್ದರು. ಹಾಸಿಗೆಯ ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.

"ನಾನಮ್ಮಾ," ಎಂದರು. "ಹೇಗಾಯ್ತು ಅಂತ ಪೂರ್ತಿ ಹೇಳ್ತೀನಿ, ಕೇಳು."