ಗುಮ್ಮಕೇತುವಿನ ಮಾತಿನ ಸರ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ, ಏಳುಕೆರೆ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಜನಕ್ಕೆ ಕತೆಪುಸ್ತಕವೆಂದರೆ ಪ್ರಾಣ. ದಿನಾ ಮಧ್ಯಾಹ್ನ ಊರಿನ ಎಳೆಮಕ್ಕಳೆಲ್ಲ ಅರಮನೆಯ ಓದುಮಂಟಪಕ್ಕೆ ಹೋಗಬೇಕು. ಆಸ್ಥಾನದ ಓದುಗರಾದ ಶೇಷಾಚಾರ್ಯರು ಎತ್ತರದ ಪೀಠದಲ್ಲಿ ಕೂತು ಗಡಗಡನೆ ಓದುತ್ತಾರೆ, ಮಕ್ಕಳು ಬಾಯಿ ಮೇಲೆ ಬೆರಳಿಟ್ಟು ಕೇಳುತ್ತವೆ. ಹೂಂಗುಟ್ಟುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗಿಲ್ಲ, ಚಿತ್ರ ನೋಡಲು ಕತ್ತು ಚಾಚುವ ಹಾಗೂ ಇಲ್ಲ.

“ಮಕ್ಕಳು ನಡುವೆ ಬಾಯಿ ಹಾಕಿದರೆ ಕತೆ ಕೆಡುತ್ತದೆ ಮಹಾಪ್ರಭು” ಎಂದು ಅರಸರಿಗೆ ಹೇಳಿಕೊಟ್ಟವನು ಗುಮ್ಮಕೇತು ಎಂಬ ಮಾಂತ್ರಿಕ. ಅರಸರು ತಲೆದೂಗಿದರು. ತಾಯಿತಂದೆಯರು “ನಮ್ಮ ಮಗು ನೋಡಿ, ಪಿಟ್ಟೆನ್ನದೆ ಕೇಳುತ್ತೆ” ಎಂದು ಬೀಗಿದರು. ಬೀಗುವುದಕ್ಕೆ ದೊಡ್ಡವರಿಗೆ ಇಂಥದ್ದೇ ಬೇಕು ಎಂದೇನಿಲ್ಲ.

ಆ ಮಂಟಪಕ್ಕೆ ಜೊಂಡಿನ ಚಾಪೆ ಹೆಣೆದು ಕೊಡುತ್ತಿದ್ದವಳು ದ್ಯಾವಕ್ಕ. ಅವಳ ಒಬ್ಬಳೇ ಮಗಳು ತುಂಗಿ. ಮೊದಮೊದಲು ದ್ಯಾವಕ್ಕನೂ ಬೀಗಿದವಳೇ. ಆದರೆ ಎರಡು ವರ್ಷಕ್ಕೆ ತೊದಲುತ್ತಿದ್ದ ಮಗು ಮೂರಕ್ಕೆ ತೊದಲುವುದನ್ನು ಬಿಟ್ಟಿತು, ನಾಲ್ಕಕ್ಕೆ ಅವ್ವ ಎನ್ನುವುದನ್ನೂ ಬಿಟ್ಟಿತು. ಹಸಿವಾದರೆ ತಟ್ಟೆ ತೋರಿಸುತ್ತಿತ್ತು, ನೋವಾದರೆ ಸುಮ್ಮನೆ ಅಳುತ್ತಿತ್ತು. ಊರಿನ ಎಳೆಮಕ್ಕಳೆಲ್ಲ ಹಾಗೇ ಆಗಿದ್ದವು.

ಒಂದು ಬೆಳಿಗ್ಗೆ ಅವಳು ಕೆರೆಯಂಚಿನಲ್ಲಿ ಜೊಂಡು ಕೊಯ್ಯುತ್ತಿದ್ದಾಗ ಗೀಜಗನ ಹಕ್ಕಿಯೊಂದು ಮಾತಾಡಿತು.

“ದ್ಯಾವಕ್ಕಾ, ಮಕ್ಕಳು ನುಂಗಿಕೊಂಡ ಮಾತೆಲ್ಲ ಮಣಿಯಾಗಿ ಗುಮ್ಮಕೇತು ಕೊರಳಿನ ಸರ ಸೇರ್ತವೆ. ಆ ಸರ ಇರೋವರೆಗೂ ಅವನಿಗೆ ಮುಪ್ಪಿಲ್ಲ. ಮಗೂಗೆ ಐದು ತುಂಬಿದ ದಿನ ಅದರ ಮಣಿ ಕಲ್ಲಾಗುತ್ತೆ. ಆಮೇಲೆ ಮಾತು ವಾಪಸು ಬರಲ್ಲ. ಇನ್ನೂ ಯಾರ ಮಣೀನೂ ಕಲ್ಲಾಗಿಲ್ಲ.”

“ನಮ್ಮ ತುಂಗಿಗೆ ಐದು ತುಂಬೋಕೆ ಮೂರೇ ದಿನ ಐತಲ್ಲ!”

“ಹಾಗಾದ್ರೆ ಇವತ್ತೇ ಹೊರಡು. ಅವನ ಗುಡ್ಡದ ದಾರೀಲಿ ಮೂರು ಪ್ರಾಣಿ ಕಾವಲಿವೆ. ಕತ್ತಿ ಬೇಡ. ಒಂದು ಕತೆಪುಸ್ತಕ ತಗೋ, ಮಗೂನ ಕರ್ಕೊಂಡು ಹೋಗು.”

ದ್ಯಾವಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಶೇಷಾಚಾರ್ಯರಲ್ಲಿ ಬೇಡಿ ಒಂದು ತೆಳು ಪುಸ್ತಕ ತಂದಳು. ತಾಯಿಯನ್ನು ಹುಡುಕಿಕೊಂಡು ಏಳು ಕೆರೆ ದಾಟುವ ಆಡಿನ ಮರಿಯ ಕತೆ ಅದು. ಪ್ರತಿ ಕೆರೆಯ ದಂಡೆಯಲ್ಲೂ ಮರಿ ಕೇಳುತ್ತದೆ: “ಕೆರೆಯೇ ಕೆರೆಯೇ, ನನ್ನವ್ವ ಎಲ್ಲಿ?”

ಮೊದಲನೆಯ ದಿನ ದಾರಿಗೆ ಅಡ್ಡ ಕೂತಿದ್ದು ಕರಡಿ. “ಕತೆ ಓದು. ಒಂದು ಮಾತು ಹಾರಿಸಿದರೂ ತಿಂದುಬಿಡ್ತೀನಿ” ಎಂದಿತು. ದ್ಯಾವಕ್ಕ ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

“ಇನ್ನೊಂದು ಸಲ” ಎಂದಿತು ಕರಡಿ.

ಓದಿದಳು. ಇನ್ನೊಂದು ಸಲ. ಮತ್ತೊಂದು ಸಲ. ಗಂಟಲು ಒಣಗಿತು. ಆರನೆಯ ಸಲಕ್ಕೆ ಎರಡು ಪುಟ ಒಟ್ಟಿಗೆ ಮಗುಚಿಬಿಡೋಣ ಎಂದೂ ಅನ್ನಿಸಿತು. ಅಷ್ಟರಲ್ಲಿ ನೋಡುತ್ತಾಳೆ, ತುಂಗಿಯ ಬೆರಳು ಬಾಯಿಂದ ಇಳಿದಿದೆ, ಮುಂದೇನು ಬರುತ್ತದೆಂದು ತಿಳಿದವಳ ಹಾಗೆ ಮಗು ಆಗಲೇ ನಗುತ್ತಿದೆ. ದ್ಯಾವಕ್ಕನಿಗೆ ಬೇಸರವೆಲ್ಲ ಹೋಯಿತು. ಒಂಬತ್ತು ಸಲ ಓದಿದ ಮೇಲೆ ಕರಡಿ ಎದ್ದು ದಾರಿ ಬಿಟ್ಟಿತು.

ಎರಡನೆಯ ದಿನ ಸಿಕ್ಕಿದ್ದು ಕಾಡುಕೋಣ. ಅದಕ್ಕೆ ಏಳು ಕೊಂಬು, ತಲೆಯ ತುಂಬ ಪ್ರಶ್ನೆ. “ಆಡಿನ ಮರಿ ಅಂದ್ರೆ ಯಾವುದು?” “ಅದು ಯಾಕೆ ಅಳ್ತದೆ?” “ಕೆರೆ ಯಾಕೆ ಮಾತಾಡ್ತದೆ?”

ಶೇಷಾಚಾರ್ಯರಾಗಿದ್ದರೆ ಬೆತ್ತ ತೆಗೆಯುತ್ತಿದ್ದರು. ದ್ಯಾವಕ್ಕ ಪುಸ್ತಕವನ್ನು ತಿರುಗಿಸಿ ಚಿತ್ರ ತೋರಿಸಿದಳು. “ಇದು ಮರಿ. ಅವ್ವ ಕಾಣ್ತಿಲ್ಲ ಅಂತ ಅಳ್ತೈತೆ. ನೀನು ಚಿಕ್ಕವನಿದ್ದಾಗ ಅಳ್ತಿರ್ಲಿಲ್ವಾ? ಹೇಳು, ಇದರ ಕೊರಳಲ್ಲಿ ಏನೈತೆ?” ಕೋಣ ಮೂತಿ ಮುಂದೆ ತಂದು ಹುಡುಕಿತು. ಅದಕ್ಕಿಂತ ಮುಂಚೆ ತುಂಗಿಯ ಪುಟ್ಟ ಬೆರಳು ಮರಿಯ ಗಂಟೆಯ ಮೇಲೆ ಬಂದು ಕೂತಿತು. ಬೆಳಿಗ್ಗೆ ಹಿಡಿದ ಕತೆ ಮುಗಿಯುವಾಗ ಹೊತ್ತು ಇಳಿದಿತ್ತು. ಕೋಣ ಸಮಾಧಾನದಿಂದ ಪಕ್ಕಕ್ಕೆ ಸರಿಯಿತು.

ಮೂರನೆಯ ದಿನ ಗುಡ್ಡದ ಬುಡದ ಮಡುವಿನಲ್ಲಿ ಮೊಸಳೆಯಿತ್ತು. “ಬೆನ್ನ ಮೇಲೆ ಹತ್ತು. ಆದರೆ ಆ ಮರಿ ಕೇಳೋ ಪ್ರಶ್ನೇನ ನೀನು ಪೂರ್ತಿ ಹೇಳ್ಬಾರ್ದು, ಮಗು ಮುಗಿಸ್ಬೇಕು. ಮಗು ತಡ ಮಾಡಿದಷ್ಟೂ ಇಳೀತಾ ಹೋಗ್ತೀನಿ, ನೀನು ಮುಗಿಸಿದ ಗಳಿಗೇನೇ ಮುಳುಗಿಬಿಡ್ತೀನಿ” ಎಂದಿತು.

ತುಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ದ್ಯಾವಕ್ಕ ಹತ್ತಿದಳು. ನಡುನೀರಿನಲ್ಲಿ ಮೊಸಳೆ ನಿಂತಿತು.

“ಕೆರೆಯೇ ಕೆರೆಯೇ, ನನ್ನವ್ವ...” ಎಂದು ದ್ಯಾವಕ್ಕ ಓದಿ ನಿಲ್ಲಿಸಿದಳು.

ತುಂಗಿ ಸುಮ್ಮನಿದ್ದಳು. ಮೊಸಳೆ ಮೆಲ್ಲಗೆ ಇಳಿಯತೊಡಗಿತು. ನೀರು ದ್ಯಾವಕ್ಕನ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ದಿನ ಮಗುವಿನ ಬದಲು ಎಲ್ಲವನ್ನೂ ತಾನೇ ಹೇಳಿ ಮುಗಿಸುತ್ತಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಹಲ್ಲು ಕಚ್ಚಿ ಕಾದಳು. ನೀರು ಎದೆಗೆ ಬಂತು.

“ಎಲ್ಲಿ?” ಎಂದಳು ತುಂಗಿ.

ಮೊಸಳೆ ಭುಸ್ಸನೆ ಮೇಲೆದ್ದು ಅವರನ್ನು ದಡ ಮುಟ್ಟಿಸಿತು. ದ್ಯಾವಕ್ಕ ಮಗಳನ್ನು ಅಪ್ಪಿಕೊಂಡು ಮರಳಿನಲ್ಲೇ ಕೂತು ಅತ್ತಳು. ಗುಡ್ಡದ ಮೇಲೆ ಪಟ್ಟೆಂದು ಒಂದು ಮಣಿ ಒಡೆದ ಸದ್ದಾಯಿತು.

ಗುಮ್ಮಕೇತು ದಡದಡ ಇಳಿದು ಬಂದ. ಮೊಣಕಾಲಿನವರೆಗೂ ಮಣಿಸರ, ಇಪ್ಪತ್ತರ ಪ್ರಾಯದ ಮುಖ. “ಏಯ್ ಮಗು, ಬಾಯಿ ಮೇಲೆ ಬೆರಳಿಡು” ಎಂದು ಗದರಿದ.

ಎರಡನೆಯ ಮಾತನ್ನು ತುಂಗಿ ಕೋಣದಿಂದ ಕಲಿತಿದ್ದಳು. “ಯಾಕೆ?” ಎಂದಳು.

ಪಟ್ಟೆಂದು ಹತ್ತು ಮಣಿ ಒಡೆದವು.

“ಯಾಕಂದ್ರೆ ಚಿಕ್ಕವರು ಮಾತಾಡಬಾರದು.”

“ಯಾಕೆ?”

“ದೊಡ್ಡವರು ಹೇಳಿದ್ದಾರೆ, ಅದಕ್ಕೆ.”

“ಯಾಕೆ?”

ಮಗು ಸಾಕಿದವರಿಗೆ ಈ ದಾರಿ ಎಲ್ಲಿಗೆ ಹೋಗುತ್ತದೆಂದು ನಾನು ಹೇಳಬೇಕಾಗಿಲ್ಲ. ಪಾಪ, ಮಾಂತ್ರಿಕ ಮಗು ಸಾಕಿದವನಲ್ಲ. ಅವನು ಒಂದೊಂದು ಉತ್ತರಕ್ಕೂ ತಡವರಿಸಿದ, ಒಂದೊಂದು ತಡವರಿಕೆಗೂ ಮಣಿಗಳು ಒಡೆದವು, ಒಂದೊಂದು ಮಣಿಗೂ ಅವನ ಕೂದಲು ನರೆಯಿತು, ಬೆನ್ನು ಬಾಗಿತು. ದ್ಯಾವಕ್ಕ ಕಲ್ಲಿಗೆ ಒರಗಿ ನೋಡುತ್ತ ಕೂತಳು. ಮಧ್ಯಾಹ್ನದ ಹೊತ್ತಿಗೆ ಸರದಲ್ಲಿ ದಾರ ಮಾತ್ರ ಉಳಿಯಿತು. ಗುಮ್ಮಕೇತು ಒಣ ಎಲೆಯಷ್ಟು ಹಗುರಾಗಿ ಗಾಳಿಗೆ ಹಾರಿಹೋದ.

ಕರಡಿ, ಕೋಣ, ಮೊಸಳೆ ಮೂವರೂ ಅಜ್ಜಿಯರಾಗಿ ಎದ್ದು ನಿಂತರು. ಹಿಂದೆ ಏಳುಕೆರೆಯ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕತೆ ಓದುತ್ತಿದ್ದವರು ಅವರೇ, ಗುಮ್ಮಕೇತು ಮಂತ್ರ ಹಾಕಿ ಪ್ರಾಣಿಗಳಾಗಿಸಿ ಕಾವಲಿಗೆ ಕೂರಿಸಿದ್ದ. ಊರಿನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಬಾಯಿ ಬಿಟ್ಟು ಎಂಥ ಗದ್ದಲ ಎಬ್ಬಿಸಿದವೆಂದರೆ ಅರಸರು ಬರಿಗಾಲಲ್ಲಿ ಹೊರಗೆ ಓಡಿಬಂದರು. ಆ ದಿನವೇ ಹಳೆಯ ಅಪ್ಪಣೆ ರದ್ದಾಯಿತು. ಶೇಷಾಚಾರ್ಯರು ಪೀಠದಿಂದ ಚಾಪೆಗೆ ಇಳಿದರು. ಮೊದಲ ವಾರ ಎರಡನೆಯ ಪುಟಕ್ಕೇ ಹೋಗಲಾಗದೆ ಮುನಿಸಿಕೊಂಡರು, ಆಮೇಲೆ ಅವರಿಗೂ ಅದೇ ರುಚಿ ಹತ್ತಿತು. ಏಳುಕೆರೆಯ ಜನ ಸುಖವಾಗಿ, ಸಾಕಷ್ಟು ಸದ್ದು ಮಾಡಿಕೊಂಡು ಬಾಳಿದರು.

ಊರಿಗೆ ಮರಳಿದ ಮಾರನೆಯ ದಿನ ದ್ಯಾವಕ್ಕ ಜಗಲಿಯಲ್ಲಿ ಚಾಪೆ ಹೆಣೆಯುತ್ತಿದ್ದಳು. ತುಂಗಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಎದುರು ಬಂದು ಕೂತಳು.

“ಅವ್ವ, ಇವತ್ತು ನಾನು ಓದ್ತೀನಿ. ಮರಿ ಅವ್ವ ಮೊದಲ್ನೇ ಕೆರೇಲೇ ಸಿಕ್ತು.”

ಪುಸ್ತಕದಲ್ಲಿ ಹಾಗಿರಲಿಲ್ಲ. ದ್ಯಾವಕ್ಕ ಹೆಣಿಗೆ ಪಕ್ಕಕ್ಕಿಟ್ಟಳು.

“ಹೌದಾ? ಆಮೇಲೆ?” ಎಂದು ಕೇಳಿದಳು.