ತಟ್ಟೆಯಲ್ಲಿ ಉಳಿದ ಬಳೆ

ಒಂದಾನೊಂದು ಕಾಲದಲ್ಲಿ ಒಬ್ಬ ಅತ್ತೆ ಸೊಸೆಯ ಮುಂದೆ ಬೆರೆತ ಕಾಳಿನ ರಾಶಿ ಸುರಿದು, ಸಂಜೆಯೊಳಗೆ ಬೇರೆ ಮಾಡು, ಇಲ್ಲವೇ ಮನೆ ಬಿಡು ಅಂದಳಂತೆ. ಅಜ್ಜಿ ಹೇಳುತ್ತಿದ್ದ ಈ ಕಥೆ ನನ್ನ ಪಾಲಿಗೆ ನಿಜವಾಯಿತು. ಕಾಳಿನ ಬದಲು ಜೇಡ್ ಕಲ್ಲಿನ ಬಳೆಗಳು, ಅಷ್ಟೇ.

"ಕನಸು ಕಾಣ್ತಾ ಎಲ್ಲಾ ಬೆರೆಸಿಟ್ಟಿದ್ದೀಯಲ್ಲೇ ಮಹಾರಾಣಿ!" ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಸೋದರತ್ತೆ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ತಟ್ಟೆ ಕುಕ್ಕಿದಳು. "ಯಾವ ಸೀಮೆ ಕಲ್ಲೋ ಆ ಡ್ರಾಯರಿಗೇ ಹೋಗ್ಬೇಕು. ಒಂದು ಉಳಿದ್ರೂ ನಿನ್ನ ಗಂಟುಮೂಟೆ ಬೀದೀಲಿರುತ್ತೆ."

"ಒಂದೂ ಉಳಿಸಲ್ಲ ಅತ್ತೆ," ಅಂದೆ.

ಮರಳುಗಾಡಿನಾಚೆಯ ಹೊಳೆಯಲ್ಲಿ ಸಿಗುವ ಕಲ್ಲು ಬೆಣ್ಣೆಯಂತೆ ಬಿಳಿ, ಹೊರಗೆ ಕಂದು ಸಿಪ್ಪೆ. ಹಿಮದ ಸೀಮೆಯದು ಸೊಪ್ಪಿನ ಹಸಿರು, ಮೈತುಂಬ ಕರಿ ಚುಕ್ಕೆ. ದ್ವೀಪದ್ದು ಕಡುಹಸಿರು, ಒಳಗೆ ಮೋಡ ಕವಿದಂತೆ. ಎಲ್ಲಿಂದ ಬಂದದ್ದಾದರೂ ಮುಟ್ಟಿದರೆ ತಣ್ಣಗಿರುತ್ತದೆ.

ಕೊನೆಗೆ ಉಳಿದ ಬೂದುಬಣ್ಣದ ಬಳೆ ಬೆಚ್ಚಗಿತ್ತು. ಯಾವ ಡ್ರಾಯರಿಗೆ ಹಾಕಿದರೂ ಒಳಗಿನ ಕಲ್ಲುಗಳು ಟಕಟಕ ಅನ್ನುತ್ತಿದ್ದವು. ತಿರುಗಿ ನೋಡಿದರೆ ಬಳೆ ಮತ್ತೆ ತಟ್ಟೆಯಲ್ಲೇ ಇರುತ್ತಿತ್ತು. ಇದಕ್ಕೂ ಸಿಪ್ಪೆಯಿತ್ತು, ಆದರೆ ಒಳಬದಿಯಲ್ಲಿ, ಮೆತ್ತಗೆ.

"ಮುಗೀತೇನೇ?" ಅತ್ತೆಯ ಚಪ್ಪಲಿಯ ಸದ್ದು ಬಾಗಿಲಿಗೆ ಬಂತು. ದಿಕ್ಕು ತೋಚದೆ ಬಳೆಯನ್ನು ಕೈಗೆ ತೊಟ್ಟು ಅಂಗಿಯ ತೋಳನ್ನು ಕೆಳಗೆಳೆದೆ. ದೊಡ್ಡದಿದ್ದ ಬಳೆ ತಾನೇ ಕಿರಿದಾಗಿ ಮಣಿಕಟ್ಟಿಗೆ ಬಿಗಿಯಾಗಿ ಕೂತಿತು.

ಅತ್ತೆ ಖಾಲಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಪರವಾಗಿಲ್ವೇ!"

"ಹೇಳಿದ್ನಲ್ಲ ಅತ್ತೆ, ಒಂದೂ ಉಳಿದಿಲ್ಲ."

ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಳೆಯೊಳಗೂ ಒಂದು ಬಡಿತವಿತ್ತು. ಅದು ಮಾತ್ರ ನಿಧಾನವಾಗಿತ್ತು, ತನ್ನ ಊರು ಸೇರಿ ಮಲಗಿದವರ ಎದೆಬಡಿತದಂತೆ.